ಸುಮ್ಮನಿದ್ದರೆ ಬೇಡ ಎಂದರ್ಥ

ಸೋಮವಾರ ಬೆಳಿಗ್ಗೆ ರಾಯದುರ್ಗದ ಜೀನ್ಸ್ ಯೂನಿಟ್ಟಿನ ಕಂಪ್ಯೂಟರಿನಿಂದ ಪ್ಯಾಂಟಿನ ಪ್ಯಾಟರ್ನ್ ಬಿಡಿಸುವ ಪ್ರೋಗ್ರಾಮೇ ಮಾಯವಾಗಿತ್ತು. ಬದಲಿಗೆ ಚೆಂದದ್ದೊಂದು ಕನ್ನಡ ಫಾಂಟು ಬಂದು ಕೂತಿತ್ತು.

"ಇದನ್ನ ಯಾರು ತೆಗುದ್ರು?" ಎಂದ ರಾಮಾಂಜಿ. ಕಂಪ್ಯೂಟರುಗಳ ಉಸ್ತುವಾರಿ ಅವನದು. ಮಡಕಶಿರಾ ಕಡೆಯ ಅಗಳಿಯವನು. ಸಿಟ್ಟು ಬಂದರೆ ಅವನ ಕಿವಿ ಕೆಂಪಾಗುತ್ತಿತ್ತು. ನಾಗಲಕ್ಷ್ಮಿ ಎದುರಿಗಿದ್ದರೆ ಸಿಟ್ಟಿಲ್ಲದೆಯೂ ಆಗುತ್ತಿತ್ತು.

"ನಾನ ರೀ," ಎಂದಳು ಪ್ಯಾಟರ್ನ್ ಬಿಡಿಸುವ ನಾಗಲಕ್ಷ್ಮಿ. "ಫಾಂಟ್ ಹಾಕಾಕ ಹೋದೆ. ಏನೋ ಕೇಳ್ತು. ಎಂಟರ್ ಒತ್ತಿದೆ."

"ಪ್ರೋಗ್ರಾಮ್ ಹೋಗುತ್ತೆ, ತೆಗೀಲಾ ಅಂತ ಕೇಳ್ತಲ್ಲ?"

"ಸಾಸಿವಿ ಕಾಳಿನಷ್ಟು ಅಕ್ಷರದಾಗ ಕೇಳ್ತು, ಅದೂ ಇಂಗ್ಲಿಷ್‌ನಾಗ. 'ಹೌದು' ಅನ್ನೋದನ್ನ ತಾನ ನೀಲಿ ಮಾಡಿ ಮುಂದ ಇಟ್ಟಿತ್ತು. ಕೇಳೋದೂ ಅದ, ಉತ್ತರ ಕೊಡೋದೂ ಅದ. ನಡುವ ನಂದೇನೈತ್ರಿ?"

ರಾಮಾಂಜಿ ಪರದೆಯತ್ತ ಬಗ್ಗಿ ನೋಡಿದ. ಪ್ರೋಗ್ರಾಮುಗಳನ್ನು ತಂದು ಹಾಕುವ, ಕಿತ್ತು ತೆಗೆಯುವ ಕೆಲಸ ಪ್ಯಾಕೇಜ್ ಮ್ಯಾನೇಜರ್ ಎಂಬ ಇನ್ನೊಂದು ಪ್ರೋಗ್ರಾಮಿನದು. ಅದು ನಿಜವಾಗಿಯೂ ಅವಳು ಹೇಳಿದ ಹಾಗೇ ಕೇಳುತ್ತಿತ್ತು. ಅವನ ಬೆರಳೂ ವರ್ಷಗಳಿಂದ ಓದದೆಯೇ ಎಂಟರ್ ಒತ್ತುತ್ತಿತ್ತು. ಅದೃಷ್ಟ ಚೆನ್ನಾಗಿತ್ತು, ಅಷ್ಟೆ.

ಆ ವಾರವೆಲ್ಲ ಟೀ ಹೊತ್ತಿನಲ್ಲಿ ಇಬ್ಬರೂ ಕೂತು ಅದಕ್ಕೊಂದು ಕನ್ನಡ ಮುಖ ಮಾಡಿದರು. ಬರುವ ಪ್ರೋಗ್ರಾಮುಗಳು ಒಂದು ಕಡೆ, ಹೋಗುವವು ಇನ್ನೊಂದು ಕಡೆ.

"ಹೋಗೋವನ್ನ ದೊಡ್ಡ ಅಕ್ಷರದಾಗ ಹಾಕ್ರಿ. ಬರೋವು ಹೆಂಗೂ ಕಾಣಸ್ತಾವ," ಎಂದಳು ನಾಗಲಕ್ಷ್ಮಿ.

'ಬೇಡ' ಎಂಬುದು ಮುಂದೆ ಬಂದು ನೀಲಿಯಾಯಿತು. 'ಹೌದು' ಎನ್ನಬೇಕಾದರೆ ಟೈಪ್ ಮಾಡಿಯೇ ಹೇಳಬೇಕು. ಪರೀಕ್ಷೆಗೆಂದು ನಾಗಲಕ್ಷ್ಮಿ ಕಣ್ಣು ಮುಚ್ಚಿ ಎಂಟರ್ ಒತ್ತಿದಳು.

"ಏನಾತ್ರಿ?"

"ಏನೂ ಆಗ್ಲಿಲ್ಲ," ಎಂದ ರಾಮಾಂಜಿ, ಬಹಳ ಹೊತ್ತಿನ ಮೇಲೆ.

"ಇಷ್ಟೊತ್ತು ಏನ್ ನೋಡಾಕ ಹತ್ತಿದ್ರಿ?"

"ಸ್ಕ್ರೀನು."

"ಅದು ಆ ಕಡೆ ಐತ್ರಿ."

ಕಿವಿಗೆ ಬಣ್ಣ ಬಂತು. ಅವಳು ನಗಲಿಲ್ಲ, ತುಟಿ ಮಾತ್ರ ಒಂದು ಬದಿಗೆ ಸರಿಯಿತು.

"ಭಾನುವಾರ ಬಳ್ಳಾರಿ ಕಡಿಯವ್ರು ನನ್ನ ಕೇಳಾಕ ಬರ್ತಾರ. ತಾಂಬೂಲಾನೂ ಅವತ್ತ ಅಂತ."

ಬಣ್ಣ ಇಳಿಯಿತು. "ನೀವೇನಂದ್ರಿ?"

"ಸುಮ್ಮನಿದ್ದೆ. ನಮ್ಮ ಮನ್ಯಾಗ ಹುಡುಗಿ ಸುಮ್ಮನಿದ್ರ ಹೂಂ ಅಂದಂಗ."

"ಬ್ಯಾಡ ಅನ್ಬೇಕಿತ್ತಲ್ಲ?"

"ಅದಕ್ಕೊಂದು ಕಾರಣ ಬೇಕಲ್ರಿ. ನನ್ನ ಕಾರಣ ಇನ್ನಾ ಬಾಯಿ ಬಿಟ್ಟಿಲ್ಲ."

"ನಾನೇ ಆ ಕಾರಣ," ಎಂದ ರಾಮಾಂಜಿ, ಕೀಬೋರ್ಡಿಗೆ.

"ಅದಕ್ಕ ಯಾಕ ಹೇಳ್ತೀರಿ? ನನಗ ಹೇಳ್ರಿ."

ಅವನು ತಿರುಗಿ, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡೇ ಅವಳು ಎದ್ದದ್ದು.

ಭಾನುವಾರ ತಾಂಬೂಲದ ತಟ್ಟೆ ನಡುಮನೆಗೆ ಬಂತು. ತಾಯಿ ಉಚ್ಚಂಗಮ್ಮ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ, "ಸುಮ್ಮನದಾಳಂದ್ರ ಒಪ್ಪಿಗಿನ ಬಿಡ್ರಿ," ಎಂದು ತಟ್ಟೆಗೆ ಕೈಹಚ್ಚಿದಳು.

"ಇಲ್ಲವ್ವ," ಎಂದಳು ನಾಗಲಕ್ಷ್ಮಿ. "ಇನ್ನ ಮುಂದ ನಾನು ಸುಮ್ಮನಿದ್ರ ಬ್ಯಾಡ ಅಂತ ತಿಳ್ಕ. ಹೂಂ ಅನ್ನೋದಾದ್ರ ಬಾಯಿ ಬಿಟ್ಟ ಅಂತೀನಿ."

ಗಂಡಿನ ಸೋದರಮಾವ ಪಾಪಣ್ಣ ಟೀ ಲೋಟ ಕೆಳಗಿಟ್ಟರು. "ತಾಂಬೂಲಕ್ಕಿಂತ ಮುಂಚೆ ಹೇಳಿದಿ, ಚಲೋ ಆತು ತಂಗಿ." ಟೀ ಜೊತೆ ಕೊಟ್ಟಿದ್ದ ಮಂಡಾಳು ಒಗ್ಗರಣೆಯನ್ನು ಮಾತ್ರ ಮುಗಿಸಿಯೇ ಎದ್ದರು.

ಉಚ್ಚಂಗಮ್ಮನ ಮುನಿಸು ಯುಗಾದಿಯವರೆಗೂ ನಡೆಯಿತು. ಆಮೇಲೆ ಅದೇ ನಡುಮನೆಯಲ್ಲಿ ಅಗಳಿಯಿಂದ ರಾಮಾಂಜಿಯ ಮನೆಯವರು ಬಂದು ಕೂತರು.

"ಏನಂತೀ?" ಎಂದು ಕೇಳಿದಳು ಉಚ್ಚಂಗಮ್ಮ. ಈ ಸಲ ತಟ್ಟೆ ಮುಟ್ಟದೆ.

ನಾಗಲಕ್ಷ್ಮಿ ಸುಮ್ಮನಿದ್ದಳು.

"ಸುಮ್ಕವ್ಳೆ, ಒಪ್ಪವ್ಳೆ ಬಿಡ್ಲಾ," ಎಂದು ರಾಮಾಂಜಿಯ ತಾಯಿ ನರಸಕ್ಕ ಮಗನ ಮೊಣಕೈ ತಿವಿದಳು.

"ಇಲ್ಲ ಕಣವ್ವ, ಈ ಮನೇಲಿ ಅಂಗಲ್ಲ," ಎಂದ ಅವನು. ಹಣೆಯ ಬೆವರು ಮೂಗಿಗಿಳಿದಿತ್ತು.

ಅವಳು ಆ ಬೆವರನ್ನೂ ಎರಡೂ ಕಿವಿಗಳನ್ನೂ ಮನಸಾರೆ ನೋಡಿದಳು. ಅವಸರ ಅವಳಿಗಿರಲಿಲ್ಲ. ಆಮೇಲೆ, ಪಕ್ಕದ ಮನೆಯ ಜಗಲಿಗೂ ಕೇಳುವಂತೆ ಹೇಳಿದಳು:

"ಹೂಂ. ನನಗ ಒಪ್ಪಿಗಿ ಐತಿ."