ಪಕ್ಕದ ಸೀಟಿನ ಬ್ರೇಕ್

"ಬ್ರೇಕ್... ಬ್ರೇಕ್ ರೀ!"

ಕಿರುಚಿದ್ದು ಅವಳು. ಒತ್ತಿದ್ದೂ ಅವಳೇ. ಕಾರು ಮುಗ್ಗರಿಸಿ ನಿಂತಿತು. ಮುಂದೆ ಕೈಯಳತೆಯಲ್ಲಿ ಹೂಕುಂಡದ ಅಂಗಡಿ. ಅಂಗಡಿಯವನು ಒಂದು ಕುಂಡವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಾಯಿ ತೆರೆದು ನಿಂತಿದ್ದ.

ಸ್ಟೇರಿಂಗ್ ಹಿಡಿದಿದ್ದವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ನಾನೂ ಬ್ರೇಕೇ ಒತ್ತಿದೆ ಅನ್ಕೊಂಡೆ..."

"ನೀವು ಒತ್ತಿದ್ದು ಆಕ್ಸಿಲರೇಟರ್. ನಾನು ಒತ್ತಿದ್ದು ಬ್ರೇಕ್. ಅದಕ್ಕೇ ಇಬ್ಬರೂ ಇನ್ನೂ ಮಾತಾಡ್ತಾ ಇದೀವಿ!"

ಅವನು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದ. ಬೈಸಿಕೊಂಡ ಮುಖ ಅದಲ್ಲ. ಏನೋ ಅರ್ಥವಾದವನ ಮುಖ. ನೋಟ ಅವಳ ಕಣ್ಣಿನಿಂದ ಜಾರಿ ಅವಳ ಕಾಲಿನ ಹತ್ತಿರ ಹೋಗಿ ನಿಂತಿತು.

'ಇದೇನಪ್ಪಾ, ಕಾಲು ನೋಡ್ತಾನೆ!' ಅಂದುಕೊಂಡಳು. ಮೈಯೆಲ್ಲ ಉರಿಯಿತು.

ಅವಳ ಅಪ್ಪನದು ಡ್ರೈವಿಂಗ್ ಶಾಲೆ. ಅವಳು ಅಲ್ಲಿ ಟೀಚರ್. ಇಂಥ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ತಪ್ಪಿದರೆ ಟೀಚರ್ ಒತ್ತಲಿ ಅಂತ. ಈ ಟೀಚರಮ್ಮ ಮಾತ್ರ ತಪ್ಪಿದರೂ ಒತ್ತುತ್ತಿದ್ದಳು, ತಪ್ಪದಿದ್ದರೂ ಒತ್ತುತ್ತಿದ್ದಳು. ಬಸ್ಸಿನಲ್ಲಿ ಕೂತರೂ ಕಾಲು ನೆಲ ಒತ್ತುತ್ತಿತ್ತು. ಕಲಿಯಲು ಬಂದವರು ಬೆನ್ನ ಹಿಂದೆ ಅವಳನ್ನು 'ಬ್ರೇಕ್ ಮೇಡಂ' ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಅವಳಿಗೆ ವಯಸ್ಸು ಮೂವತ್ತು ದಾಟಿತ್ತು. ಒಂದು ಸಲ ಒಬ್ಬನನ್ನು ನಂಬಿದ್ದಳು. 'ಎಲ್ಲ ಸರಿಹೋಗುತ್ತೆ, ಧೈರ್ಯವಾಗಿರು' ಅನ್ನುತ್ತಿದ್ದವನು ಬೇರೆಯವಳನ್ನು ಮದುವೆಯಾದ. ಆಮೇಲೆ ಬಂದ ಸಂಬಂಧಗಳಿಗೆಲ್ಲ ಮಾತು ಮುಂದುವರಿಯುವ ಮೊದಲೇ ಬ್ರೇಕ್ ಬೀಳುತ್ತಿತ್ತು. ಅದನ್ನೂ ಒತ್ತುತ್ತಿದ್ದವಳು ಅವಳೇ.

"ಮೇಡಂ, ನಾಳೆ ಬರಬಹುದಾ?" ಕನ್ನಡಕದವನು ಕೇಳಿದ.

"ಜೀವದ ಮೇಲೆ ಆಸೆ ಇಲ್ವಾ ನಿಮಗೆ?"

"ಇದೆ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು ಕಿಟಕಿ ಕಡೆ ತಿರುಗಿದಳು.

---

ಆ ಕಾರಿನಲ್ಲಿ ಇನ್ನೊಂದು ವಿಶೇಷವಿತ್ತು. ಸ್ಟೇರಿಂಗ್ ಪಕ್ಕ ಅಂಗೈಯಗಲದ ಒಂದು ಪರದೆ. ಯಾವುದೋ ಕಂಪನಿಯವರು ಪರೀಕ್ಷೆಗೆ ಅಂತ ಶಾಲೆಯ ಕಾರುಗಳಿಗೆಲ್ಲ ಹಾಕಿಸಿದ್ದರು. ಮುಂದಿನ ಸಿಗ್ನಲ್ ಯಾವಾಗ ಬದಲಾಗುತ್ತದೆ ಅನ್ನುವುದು ಅದಕ್ಕೆ ಮೊದಲೇ ತಿಳಿಯುತ್ತಿತ್ತು. "ನಲವತ್ತರ ವೇಗದಲ್ಲಿ ಬನ್ನಿ, ಹಸಿರು ಸಿಗುತ್ತೆ" ಅಂತ ಹೇಳುತ್ತಿತ್ತು. ಅದರ ಮಾತು ಕೇಳಿದರೆ ಎಲ್ಲೂ ನಿಲ್ಲದೆ ಊರು ದಾಟಬಹುದಂತೆ.

ಅಪ್ಪ ಅದನ್ನು 'ಡಬ್ಬಿ' ಅನ್ನುತ್ತಿದ್ದರು. ಅವಳಿಗೆ ಆ ಡಬ್ಬಿ ಕಂಡರಾಗದು.

"ಎದುರಿಗೆ ಕೆಂಪು ಉರೀತಿರುತ್ತೆ, ಇದು ಬನ್ನಿ ಬನ್ನಿ ಅನ್ನುತ್ತೆ! ಯಾವ ಪುಣ್ಯಾತ್ಮ ಮಾಡಿದ್ದೋ, ತಲೇಲಿ ಏನು ಇಟ್ಕೊಂಡು ಮಾಡಿದ್ದೋ!"

ಕನ್ನಡಕದವನಿಗೆ ಕೆಮ್ಮು ಬಂತು.

"ನಾವು ಹತ್ತಿರ ಹೋಗೋಷ್ಟರಲ್ಲಿ ಹಸಿರಾಗುತ್ತಲ್ವಾ ಮೇಡಂ?"

"ಆಗದಿದ್ರೆ? ನಿಮ್ಮಪ್ಪ ಬಂದು ನಿಲ್ಲಿಸ್ತಾರಾ?"

ಸಿಗ್ನಲ್ ಕೆಂಪಗಿತ್ತು. ಡಬ್ಬಿ ಬನ್ನಿ ಅಂದಿತು. ಅವಳ ಕಾಲು ಒತ್ತಿತು. ಕಾರು ನಿಂತ ಗಳಿಗೆಯಲ್ಲೇ ದೀಪ ಹಸಿರಾಯಿತು. ಹಿಂದಿನ ಗಾಡಿಯವರು ಹಾರ್ನ್ ಬಾರಿಸಿದರು.

ದಿನಗಳು ಹೋದವು. ಅವನಿಗೆ ಓಡಿಸಲು ಬರುತ್ತಿತ್ತು ಅಂತ ಹೇಳಿದರೆ ಸುಳ್ಳಾದೀತು. ಗೇರ್ ತಪ್ಪಿ ಹಾಕಿದಾಗ ಕಾರಿಗೆ "ಸಾರಿ" ಅನ್ನುತ್ತಿದ್ದ. ರಿವರ್ಸ್ ಅಂತೂ ಕೇಳಲೇಬೇಡಿ. ಎಡಕ್ಕೆ ಅಂದರೆ ಬಲಕ್ಕೆ, ಬಲಕ್ಕೆ ಅಂದರೆ ಗೋಡೆಗೆ. ಆದರೆ ಕಾರು ಹತ್ತುವ ಮೊದಲು ಒಂದು ಸುತ್ತು ಬಂದು ಟೈರ್ ನೋಡುತ್ತಿದ್ದ. ರಸ್ತೆ ದಾಟುವ ಮುದುಕರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದ. ಅವಳು ಎಷ್ಟೇ ರೇಗಲಿ, ತಿರುಗಿ ಒಂದು ಒರಟು ಮಾತಿಲ್ಲ.

ಒಂದು ದಿನ ಕ್ಲಾಸ್ ಮುಗಿದ ಮೇಲೆ ಕೇಳಿದ, "ಕಾಲು ನೋಯಲ್ವಾ ಮೇಡಂ? ಇಡೀ ದಿನ ಬ್ರೇಕ್ ಮೇಲೇ ಇರುತ್ತೆ."

ಆ ಮಾತನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ನೋಯುತ್ತೆ" ಅಂದಳು. "ಅಪ್ಪನಿಗೆ ಹೇಳ್ಬಿಟ್ಟೀರ ಮತ್ತೆ! ಸುಮ್‌ಸುಮ್ನೆ ಬ್ರೇಕ್ ಒತ್ತೋ ಟೀಚರ್ ಕೈಲಿ ಕಲಿತವರು ಜೀವಮಾನವಿಡೀ ಪುಕ್ಕಲರಾಗ್ತಾರಂತೆ. ಮುಂಚೆ ಒಬ್ಬರು ಹಂಗೆ ಮಾಡ್ತಿದ್ರು ಅಂತ ಅವರನ್ನ ಆಫೀಸಲ್ಲಿ ಫೋನ್ ಎತ್ತೋಕೆ ಕೂರಿಸಿದಾರೆ. ಮಗಳಾದ್ರೂ ಬಿಡಲ್ವಂತೆ. ಈ ಸೀಟು ಹೋದ್ರೆ ನಾನು ಬದುಕೋದೇ ಇಲ್ಲ ನೋಡಿ."

ನಗುತ್ತಲೇ ಹೇಳಿದಳು. ಅವನು ನಗಲಿಲ್ಲ.

ಮಾರನೆಯ ದಿನ ಅವನು ಬರುವ ಹೊತ್ತಿಗೆ ಅವಳು ಕಾರಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ನೋಡಿಕೊಂಡಳು. ಹಿಂದಿನ ಗಾಡಿ ನೋಡುವುದಕ್ಕಂತೂ ಅಲ್ಲ. 'ಇದೇನು ಹುಚ್ಚು ನಿನಗೆ!' ಅಂತ ತನ್ನನ್ನೇ ಬೈದುಕೊಂಡಳು.

---

ಒಂದು ಬೆಳಿಗ್ಗೆ ಡಬ್ಬಿ ಕೆಟ್ಟು ನಿಂತಿತು. ಪರದೆ ಪೂರ್ತಿ ಕಪ್ಪು.

"ಪೀಡೆ ತೊಲಗಿತು!" ಅಂದಳು ಅವಳು.

ಅವನು ಯೋಚನೆಯೇ ಇಲ್ಲದೆ ಕೈ ಹಾಕಿದ. ಪರದೆಯ ಹಿಂದೆಲ್ಲೋ ಉಗುರಿನಿಂದ ಒಂದು ಗುಂಡಿ ಒತ್ತಿ ಹಿಡಿದ, ತೆರೆದ ಪುಟದಲ್ಲಿ ಸರಸರನೆ ಅಂಕಿ ಹಾಕಿದ. ಡಬ್ಬಿ ಮತ್ತೆ ಮಾತಾಡಿತು.

ಅವಳು ಅವನನ್ನೇ ನೋಡಿದಳು.

"ಆ ಗುಂಡಿ ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು?"

ಅವನ ಮುಖ ಬಿಳಿಚಿತು. "...ನಾನೇ ಮಾಡಿದ್ದು ಮೇಡಂ ಇದನ್ನ."

"ನೀವಾ?"

"ಪರೀಕ್ಷೆಗೆ ಹಾಕಿದ ಎಲ್ಲ ಕಾರೂ ಸರಿಯಾಗಿ ಹೋಗ್ತಿದ್ವು. ಈ ಒಂದು ಕಾರು ಮಾತ್ರ ಪ್ರತಿ ಸಿಗ್ನಲ್ ಹತ್ತಿರ ಬ್ರೇಕ್ ಹಾಕ್ತಿತ್ತು. ಬ್ರೇಕ್ ಬಿತ್ತು ಅಂತ ಡಬ್ಬಿಗೆ ಗೊತ್ತಾಗುತ್ತೆ, ಯಾರ ಕಾಲು ಅಂತ ಗೊತ್ತಾಗಲ್ಲ. ಯಾಕೆ ಅಂತ ನೋಡೋಣ ಅಂತ..."

"ಅಂದ್ರೆ ನನ್ನ ಕಾಲು ಲೆಕ್ಕ ಹಾಕೋಕೆ ಬಂದಿದ್ರಿ!"

"ಮೊದಲು ಹಂಗೇ ಬಂದೆ. ಆಮೇಲೆ..."

"ಕಲಿಯೋಕೆ ಬಂದೆ ಅಂದಿದ್ದು ಸುಳ್ಳು. ಕಾಲು ನೋಯಲ್ವಾ ಅಂತ ಕೇಳಿದ್ದೂ ಸುಳ್ಳು. ಎಂಥ ನಟನೆ ರೀ ನಿಮ್ಮದು!"

"ಓಡಿಸೋಕೆ ನಿಜವಾಗ್ಲೂ ಬರಲ್ಲ ಮೇಡಂ..."

"ಇಳೀರಿ ಕೆಳಗೆ."

ಅವನು ಇಳಿದ. ಬಾಗಿಲು ಮೆತ್ತಗೆ ಹಾಕಿದ. ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತ ಹೋಗುವುದನ್ನು ನೋಡಿದಳು. ಆಮೇಲೆ ಖಾಲಿ ಕಾರಿನಲ್ಲಿ ಗಳಗಳ ಅತ್ತಳು. ಮತ್ತೊಮ್ಮೆ ನಂಬಿದೆನಲ್ಲ! ಸಂಕಟಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು.

---

ವಾರವಾಯಿತು. ಅವನ ಸುದ್ದಿಯಿಲ್ಲ. 'ಈಗ ಎಲ್ಲಾ ಬರೆದು ಕೊಟ್ಟಿರ್ತಾನೆ. ಇವತ್ತೋ ನಾಳೆಯೋ ಅಪ್ಪ ಕರೀತಾರೆ' ಅಂತ ಕಾದಳು. ಅಪ್ಪ ಕರೆಯಲಿಲ್ಲ.

ಬದಲಿಗೆ ಶುಕ್ರವಾರ ಕಂಪನಿಯ ಮುಖ್ಯಸ್ಥೆ ಬಂದರು. ಗಟ್ಟಿ ದನಿಯ ಹೆಂಗಸು. ಜೊತೆಗೆ ಅವನೂ ಇದ್ದ. ಅವಳ ಕಡೆ ತಲೆಯೆತ್ತದೆ, ಸ್ಕ್ರೂಡ್ರೈವರ್ ಹಿಡಿದು ನೇರ ಕಾರುಗಳ ಹತ್ತಿರ ಹೋದ.

"ಡಬ್ಬಿಗಳನ್ನ ತೆಗೀತಿದೀವಿ" ಅಂದರು ಮುಖ್ಯಸ್ಥೆ ಅಪ್ಪನಿಗೆ. "ಒಂದು ಕಾರಲ್ಲಿ ಡ್ರೈವರ್‌ಗಳು ಇದರ ಮಾತೇ ಕೇಳಲ್ಲ. ಯಾಕೆ ಅಂತ ತಿಳ್ಕೊಂಡು ಬಾ ಅಂತ ಇವನನ್ನೇ ಕಳಿಸಿದ್ವಿ. ಗೊತ್ತಾಗಲಿಲ್ಲ ಅಂತಾನೆ! ಮಾಡಿದವನಿಗೇ ಗೊತ್ತಾಗದಿದ್ರೆ ರಸ್ತೆಗೆ ಹೇಗೆ ಬಿಡೋದು? ಕೆಲಸ ಇಲ್ಲಿಗೆ ನಿಂತಿತು. ಸೋಮವಾರದಿಂದ ಇವನು ಬೇರೆ ಊರಿನ ಆಫೀಸಿಗೆ."

ಅವಳು ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು.

ಗೊತ್ತಾಗಲಿಲ್ಲವಂತೆ! ಮೊದಲ ದಿನವೇ ಗೊತ್ತಾಗಿತ್ತು ಅವನಿಗೆ. ಕಾಲು ನೋಡಿದ್ದು ಅದಕ್ಕೇ ತಾನೇ? ಒಂದೇ ಒಂದು ಮಾತು ಹೇಳಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಅವಳ ಸೀಟು ಹೋಗುತ್ತಿತ್ತು. 'ಈ ಸೀಟು ಹೋದ್ರೆ ನಾನು ಬದುಕೋದೇ ಇಲ್ಲ' ಅಂದಿದ್ದಳಲ್ಲ... ಪುಣ್ಯಾತ್ಮ ಅದನ್ನು ಮನಸ್ಸಿಗೆ ಹಾಕಿಕೊಂಡುಬಿಟ್ಟಿದ್ದ!

"ಮೇಡಂ" ಅಂದಳು, ಮುಂದೆ ಬಂದು. "ಆ ಬ್ರೇಕ್ ನನ್ನದು."

"ಏನಂದ್ರಿ?"

"ಡ್ರೈವರ್‌ಗಳದ್ದಲ್ಲ. ಪಕ್ಕದ ಸೀಟಿನ ಬ್ರೇಕ್. ನನಗೆ ಭಯ. ಅದಕ್ಕೆ ಒತ್ತುತ್ತಿದ್ದೆ. ಡಬ್ಬಿ ಸರಿಯಾಗೇ ಇದೆ. ಇವರಿಗೂ ಗೊತ್ತು. ನನ್ನನ್ನ ಉಳಿಸೋಕೆ ಬಾಯಿ ಮುಚ್ಕೊಂಡಿದಾರೆ."

ಡಬ್ಬಿ ಇನ್ನೂ ಬಿಚ್ಚದಿದ್ದ ಅವಳ ಕಾರಿನೊಳಗಿಂದ ಸ್ಕ್ರೂಡ್ರೈವರ್ ಬಿದ್ದ ಸದ್ದಾಯಿತು.

ಅವಳು ಅಪ್ಪನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಅಪ್ಪ ನಿಟ್ಟುಸಿರು ಬಿಟ್ಟರು.

"ನಂಗೊತ್ತಿಲ್ವೇನೇ? ಬೇರೆ ಕಾರಿಗೆ ಒಂದ್ಸಲ ಬ್ರೇಕ್ ಪ್ಯಾಡ್ ಹಾಕ್ಸೋಷ್ಟರಲ್ಲಿ ನಿನ್ನ ಕಾರಿಗೆ ಮೂರು ಸಲ ಆಗಿರುತ್ತೆ. ನೀನಾಗೇ ಬಂದು ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ಅಪ್ಪ..."

"ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಿಯಮ ನಿಯಮಾನೇ. ಈಗ ಇದೇ ಕಾರಲ್ಲಿ ದೊಡ್ಡ ರಸ್ತೆ ಪೂರ್ತಿ ಹೋಗಿ ಬನ್ನಿ. ಡಬ್ಬಿ ಮಾಡಿದವರೇ ಓಡಿಸ್ಲಿ, ನೀನು ಪಕ್ಕದಲ್ಲಿ ಕೂತ್ಕೋ. ಒಂದೇ ಒಂದ್ಸಲ ಸುಮ್ನೆ ಬ್ರೇಕ್ ಒತ್ತಿದ್ರೂ ನಾಳೆಯಿಂದ ಫೋನ್ ಎತ್ತು."

"ಒತ್ತದಿದ್ರೆ ನನ್ನ ನಿರ್ಧಾರಾನೂ ಬದಲಾಗುತ್ತೆ" ಅಂದರು ಮುಖ್ಯಸ್ಥೆ, ಹಿಂದಿನ ಬಾಗಿಲು ತೆರೆಯುತ್ತ.

---

ಅವನು ಸ್ಟೇರಿಂಗ್ ಹಿಡಿದ. ಹಿಂದೆ ಅಪ್ಪ ಮತ್ತು ಮುಖ್ಯಸ್ಥೆ. ಅವಳು ಒಂದು ಗಳಿಗೆ ಪೆಡಲ್ ನೋಡಿದಳು. ತನ್ನ ಕಾಲಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಬೆಲ್ಟ್ ಹಾಕ್ಕೊಳ್ಳಿ ಮೇಡಂ" ಅಂದ ಅವನು.

"ಹಾಕಿದೀನಿ. ನೀವು ರಸ್ತೆ ನೋಡಿ!"

ಮೊದಲ ಸಿಗ್ನಲ್ ಹೇಗೋ ದಾಟಿತು. ಎರಡನೆಯದೂ ದಾಟಿತು. ಮೂರನೆಯದು ಇಳಿಜಾರಿನ ಕೊನೆಯಲ್ಲಿತ್ತು. ಎದುರಿಗೆ ಕಡುಗೆಂಪು ದೀಪ. "ಮೂವತ್ತೆಂಟರಲ್ಲಿ ಬನ್ನಿ, ಹಸಿರು ಸಿಗುತ್ತೆ."

ಕೆಂಪು ಹತ್ತಿರವಾಯಿತು. ಇನ್ನೂ ಹತ್ತಿರ. ಅವಳ ಕಾಲ್ಬೆರಳು ಮುದುಡಿದವು. ಕೈ ಬಾಗಿಲ ಹಿಡಿ ಹುಡುಕಿತು. 'ದೇವರೇ... ಈಗ... ಈಗ ಒತ್ತಬೇಕು...'

ಅವನ ಕಡೆ ತಿರುಗಿದಳು. ಅವನ ಕೆನ್ನೆ ಮೇಲೆ ಬೆವರು ಇಳಿಯುತ್ತಿತ್ತು. ಅವನಿಗೂ ಭಯ! ತಾನೇ ಮಾಡಿದ ಡಬ್ಬಿ, ಆದರೂ ಭಯ. ಅದನ್ನು ನೋಡಿ ಅವಳಿಗೆ ವಿಚಿತ್ರವಾದ ಸಮಾಧಾನವಾಯಿತು.

"ಬರುತ್ತೆ" ಅಂದ ಅವನು, ಪಿಸುಮಾತಿನಲ್ಲಿ.

"ಹೂಂ" ಅಂದಳು.

ಹಸಿರಾಯಿತು! ಕಾರು ನೀರು ಹರಿದ ಹಾಗೆ ದಾಟಿತು. ಅವಳು ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. ಹಿಂದೆ ಅಪ್ಪನೂ ಬಿಟ್ಟರು.

ಆಮೇಲಿನ ಸಿಗ್ನಲ್‌ಗಳಲ್ಲಿ ಅವಳ ಬೆರಳು ತಾನಾಗೇ ಸಡಿಲವಾಗುತ್ತ ಬಂದವು. ಕೊನೆಯದಕ್ಕೆ ಹಸಿರೇ ಇತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಸೈಕಲ್‌ನವನು ಸರ್ರನೆ ಅಡ್ಡ ಬಂದ. ಅವಳಿಗೆ ಕಿರುಚಲೂ ಸಮಯವಿರಲಿಲ್ಲ.

ಕಾರು ನಿಂತಿತು. ಮುಗ್ಗರಿಸದೆ, ಸದ್ದಿಲ್ಲದೆ. ಸೈಕಲ್‌ನವನು ಕೈಯೆತ್ತಿ ಹೋದ.

"ಈ ಬ್ರೇಕ್ ಯಾರದ್ದು?" ಮುಖ್ಯಸ್ಥೆ ಹಿಂದಿನಿಂದ ಬಗ್ಗಿ ಕೇಳಿದರು.

ಅವಳು ತನ್ನ ಮಡಚಿದ ಕಾಲು ತೋರಿಸಿದಳು. ಕಣ್ಣು ತುಂಬಿತ್ತು, ಮುಖದ ತುಂಬ ಹೆಮ್ಮೆ.

"ಇದು ನನ್ನದಲ್ಲ ಮೇಡಂ. ಇವರದ್ದು!"

---

ಶಾಲೆಯ ಮುಂದೆ ಕಾರು ನಿಂತಾಗ ಮುಖ್ಯಸ್ಥೆ ಇಳಿದು ಹೇಳಿದರು, "ತೆಗೆದಿದ್ದನ್ನೆಲ್ಲ ವಾಪಸ್ ಹಾಕು. ಸೋಮವಾರ ಇಲ್ಲಿನ ಆಫೀಸಿಗೇ ಬಾ. ಮುಂದಿನ ಸಲ ಸುಳ್ಳು ಹೇಳಿದ್ರೆ ನಾನೇ ಬ್ರೇಕ್ ಹಾಕ್ತೀನಿ."

ಅಪ್ಪ ಕಿಟಕಿ ತಟ್ಟಿದರು. "ಸೀಟು ನಿಂದೇ. ಇಳೀರಿ ಇಬ್ಬರೂ, ಯಾಕೆ ಕೂತೇ ಇದೀರಿ?"

"ಕಾಲು ಜೋಮು ಹಿಡಿದಿದೆ ಅಪ್ಪ."

"ಹಾಂ, ಹಾಂ. ಜೋಮು. ನಿಮ್ಮಮ್ಮನಿಗೂ ಹಿಡೀತಿತ್ತು, ನಾನು ಓಡಿಸೋದು ಕಲಿಸುವಾಗ" ಅನ್ನುತ್ತ ಅವರು ಒಳಗೆ ಹೋದರು.

ಕಾರಿನಲ್ಲಿ ಇಬ್ಬರೇ.

"ನಿಜವಾಗ್ಲೂ ಜೋಮಾ?" ಅವನು ಕೇಳಿದ.

"ನಿಜವಾಗ್ಲೂ ರೀ! ಅಲ್ಲಾಡಿಸೋಕಾಗ್ತಿಲ್ಲ." ಸ್ವಲ್ಪ ತಡೆದಳು. "ನಂಗೆ ಒಂದು ಮಾತಾದ್ರೂ ಹೇಳಬಹುದಿತ್ತಲ್ಲ. ಸುಮ್ನೆ ಊರು ಬಿಟ್ಟು ಹೋಗ್ಬಿಡ್ತಿದ್ರಾ?"

"ಹೋಗೋಕೆ ಮನಸ್ಸಿರಲಿಲ್ಲ. ಪೆಟ್ಟಿಗೆ ತೆಗೆದು ಮಂಚದ ಮೇಲೆ ಇಟ್ಟಿದೀನಿ, ಒಂದು ಬಟ್ಟೇನೂ ಹಾಕಿಲ್ಲ." ಅವನು ಸ್ಟೇರಿಂಗ್ ಬಿಟ್ಟು ಅವಳ ಕಡೆ ತಿರುಗಿದ. "ಮೊದಲ ದಿನ ಬಂದಿದ್ದು ಬ್ರೇಕ್ ಯಾಕೆ ಬೀಳುತ್ತೆ ಅಂತ ನೋಡೋಕೆ. ಅದು ಅವತ್ತೇ ಗೊತ್ತಾಯ್ತು. ಎರಡನೇ ದಿನದಿಂದ ಬಂದಿದ್ದೆಲ್ಲ ನಿಮಗೋಸ್ಕರ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣಿಂದ ನೀರು ಉದುರೇ ಬಿಟ್ಟಿತು.

"ನನ್ನ ಭಯ ಇವತ್ತೊಂದೇ ದಿನಕ್ಕೆ ಹೋಗಲ್ಲ. ನಾಳೆ ಮತ್ತೆ ಒತ್ತಬಹುದು."

"ಒತ್ತಿ. ನಿಲ್ಲಿಸ್ಕೊಂಡು ಕಾಯ್ತೀನಿ."

"ಎಷ್ಟು ಹೊತ್ತು ಅಂತ?"

"ಅದನ್ನ ಹೇಳೋ ಡಬ್ಬಿ ನಾನಿನ್ನೂ ಮಾಡಿಲ್ಲ."

ಅಳುತ್ತಲೇ ನಕ್ಕಳು. "ಮಾಡೋದು ಬೇಡ. ನಾನೇ ಹೇಳ್ತೀನಿ. ನಂಗೂ ನೀವಂದ್ರೆ ಇಷ್ಟ. ಆ ಹೂಕುಂಡದವನ ಆಣೆಗೂ! ಈಗ ಬಂದು ಕೈ ಕೊಡಿ, ಇಳೀಬೇಕು."

ಅವನು ಸುತ್ತಿ ಬಂದು ಬಾಗಿಲು ತೆರೆದ. ಅಭ್ಯಾಸಬಲದಿಂದ ಟೈರನ್ನೂ ಒಮ್ಮೆ ನೋಡಿದ. ಅವಳು ಅವನ ಕೈ ಹಿಡಿದು, ಒಂದು ಕಾಲಲ್ಲಿ ಕುಂಟುತ್ತ ಇಳಿದಳು. ಕೈ ಬಿಡಲಿಲ್ಲ.

"ನಿಧಾನ ಮೇಡಂ..."

"ಮೇಡಂ ಅನ್ನೋದು ಕ್ಲಾಸಲ್ಲಿ ಮಾತ್ರ."

"ಕ್ಲಾಸ್ ಮುಗಿದ ಮೇಲೆ ಏನನ್ನಬೇಕು?"

"ಮೊದಲು ರಿವರ್ಸ್ ಕಲೀರಿ. ಆಮೇಲೆ ಹೇಳ್ತೀನಿ."

"ಹಾಗಾದ್ರೆ ಜೀವಮಾನ ಬೇಕಾಗುತ್ತೆ."

"ನಂಗೇನೂ ಅವಸರ ಇಲ್ಲ" ಅಂದಳು ಬ್ರೇಕ್ ಮೇಡಂ.