ಮೂರನೇ ಹಳದಿ ಕಾರ್ಡು

"ಒಂದ್ ಲೆಟರ್ ಟೈಪ್ ಮಾಡ್ಕೊಡಿ," ಎಂದ ಗಂಗಾಧರ, ಸುಧಾಳ ಮುಖ ನೋಡದೆ.

ಗುಬ್ಬಿ ತಾಲ್ಲೂಕು ಆಫೀಸಿನ ಎದುರಿನ ಆ ಪುಟ್ಟ ಜೆರಾಕ್ಸ್ ಅಂಗಡಿಗೆ ಅವನು ಬಂದು ಮೂರು ವಾರವಾಗಿತ್ತು. ಅದಕ್ಕೆ ಮುಂಚೆ ವಾರಕ್ಕೆರಡು ಸಲ ಬರುತ್ತಿದ್ದ. ಒಂದೇ ಆಧಾರ್ ಕಾರ್ಡನ್ನು ಹನ್ನೊಂದು ಸಲ ಜೆರಾಕ್ಸ್ ಮಾಡಿಸಿದ್ದ. ಹನ್ನೆರಡನೆಯ ಸಲ ತಂದಾಗ ಸುಧಾ, "ಹೋದ್ ಸಲದ್ದು ಏನ್ ಮಾಡಿದ್ರಿ?" ಎಂದು ಕೇಳಿದ್ದಳು. "ಕಳೆದೋಯ್ತು ಕಣ್ರೀ," ಎಂದು ಹೇಳುವಾಗ ಅವನ ನಗು ತುಟಿ ದಾಟಿ ಕಣ್ಣಿಗೆ ಬಂದುಬಿಟ್ಟಿತ್ತು. ಅವಳು ತಲೆ ತಗ್ಗಿಸಿಕೊಂಡು ಮಷಿನ್ನಿನ ಮುಚ್ಚಳ ಮುಚ್ಚಿದ್ದಳು. ಕಾರ್ಡನ್ನು ಒಳಗಿಡುವುದನ್ನೇ ಮರೆತು.

ಇವತ್ತು ಆ ಮುಖದಲ್ಲಿ ನಾಲ್ಕು ದಿನದ ಗಡ್ಡವಿತ್ತು.

"ಯಾರಿಗೆ ಲೆಟರ್ರು?"

"ಮೇಷ್ಟ್ರಿಗೆ. ನನ್ ಅಕ್ಷರ ಅವ್ರಿಗೆ ಅರ್ಥ ಆಗಲ್ಲ. ನಾಳೆ ಮೀಟಿಂಗಲ್ಲಿ ಕೊಡ್ಬೇಕು."

"ವಿಷಯ?"

"ಕ್ಲಬ್ ಬಿಡ್ತಿದೀನಿ ಅಂತ."

ಸುಧಾಳ ಬೆರಳು ಕೀಬೋರ್ಡಿನ ಮೇಲೆ ನಿಂತೇ ಹೋಯಿತು. ಅವನು ಗೋಡೆಯತ್ತ ನೋಡುತ್ತಾ, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳತೊಡಗಿದ.

"ಮಾನ್ಯರೇ. ನನ್ನ ತಪ್ಪಿನಿಂದ ನಮ್ಮ ಕ್ಲಬ್ಬು ಎ ಡಿವಿಷನ್ನಿಂದ ಬಿ ಡಿವಿಷನ್ನಿಗೆ ಇಳಿದಿರುವುದರಿಂದ... ಬರ್ಕೊಂಡ್ರಾ?"

ಬರೆದುಕೊಂಡಿದ್ದಳು. 'ನನ್ನ ತಪ್ಪಿನಿಂದ' ಎಂಬ ಎರಡು ಪದ ಪರದೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದವು.

ಗುಬ್ಬಿ ಗೆಳೆಯರ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿದವರು ರಿಟೈರ್ಡ್ ಪಿ.ಟಿ. ಮೇಷ್ಟ್ರು ಮಹಾಲಿಂಗಯ್ಯ. ಜಿಲ್ಲಾ ಲೀಗಿನಲ್ಲಿ ಬಿ ಡಿವಿಷನ್ನಿನಿಂದ ಎ ಡಿವಿಷನ್ನಿಗೆ ಏರಲು ಅವರಿಗೆ ಇಪ್ಪತ್ತು ವರ್ಷ ಹಿಡಿದಿತ್ತು. ಎರಡು ವರ್ಷದ ಕೆಳಗೆ ಆಟಗಾರರ ಅರ್ಜಿ ತುಂಬಿಸಲು ಈ ಅಂಗಡಿಗೆ ಬಂದವರು ಸುಧಾಳ ಅಕ್ಷರ ನೋಡಿ, "ಇನ್ಮೇಲೆ ನಮ್ ರಿಜಿಸ್ಟರ್ ನೀನೇ ಬರಿಯಮ್ಮ," ಎಂದಿದ್ದರು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯ ಮೇಲೆ ಅಷ್ಟು ದೊಡ್ಡ ನಂಬಿಕೆ ಯಾರೂ ಇಟ್ಟಿರಲಿಲ್ಲ. ಯಾರು ಆಡಿದರು, ಯಾರು ಗೋಲು ಹೊಡೆದರು, ಯಾರಿಗೆ ಕಾರ್ಡು ಬಿತ್ತು, ಎಲ್ಲವನ್ನೂ ಸ್ಕೇಲು ಹಿಡಿದು ಗೆರೆ ಎಳೆದು ಬರೆಯುತ್ತಿದ್ದಳು.

ಟೀಮಿನಲ್ಲಿ ಇಬ್ಬರು ಎಸ್. ಗಂಗಾಧರ್ ಇದ್ದರು. ಒಬ್ಬ ಊರ್ಡಿಗೆರೆಯವನು, ಡಿಫೆಂಡರ್, ಎದುರಿಗೆ ಸಿಕ್ಕವರನ್ನೆಲ್ಲ ಎಡವಿಸುವವನು. ಇನ್ನೊಬ್ಬ ಕೊತ್ತಗೆರೆಯ ಶಿವರಾಮಯ್ಯನವರ ಮಗ, ಗುಬ್ಬಿಯಲ್ಲಿ ಕರೆಂಟಿನ ಲೈನ್‌ಮ್ಯಾನ್, ಟೀಮಿಗೆ ಗೋಲು ಹೊಡೆಯುವವನು. ಈಗ ಗೋಡೆ ನೋಡುತ್ತಾ ನಿಂತಿರುವವನು.

ಲೀಗಿನ ನಿಯಮ ಸರಳವಾಗಿತ್ತು. ಮೂರು ಹಳದಿ ಕಾರ್ಡು ಆದವನು ಮುಂದಿನ ಮ್ಯಾಚು ಆಡುವಂತಿಲ್ಲ. ಆಡಿಸಿದರೆ ಗೆದ್ದ ಮ್ಯಾಚೂ ಸೋತ ಹಾಗೇ. ಕೊನೆಯ ಮ್ಯಾಚಿನ ಹಿಂದಿನ ವಾರ ರೆಫರಿಯ ಚೀಟಿಯಲ್ಲಿ 'ಎಸ್. ಗಂಗಾಧರ್, ಹಳದಿ' ಎಂದಿತ್ತು. ಶರ್ಟಿನ ನಂಬರು ಬೆವರಿಗೆ ಕಲಸಿಹೋಗಿತ್ತು. ಸುಧಾ ಅದನ್ನು ಊರ್ಡಿಗೆರೆಯವನ ಹೆಸರಿನ ಮುಂದೆ ಬರೆದಳು.

ಕೊನೆಯ ಮ್ಯಾಚು ತುಮಕೂರಿನಲ್ಲಿ. ಈ ಗಂಗಾಧರನ ಗೋಲಿನಿಂದ ಗುಬ್ಬಿ ಗೆದ್ದು ಎ ಡಿವಿಷನ್ನಿನಲ್ಲಿ ಉಳಿಯಿತು. ನಲವತ್ತು ಜನ ಟೆಂಪೋದಲ್ಲಿ ತಮಟೆ ಬಾರಿಸಿಕೊಂಡು ವಾಪಸ್ಸಾದರು. ಹೂವಿನ ಹನುಮಮ್ಮ ಬುಟ್ಟಿಯಲ್ಲಿದ್ದ ಸೇವಂತಿಗೆಯನ್ನೆಲ್ಲ ಅವನ ತಲೆಯ ಮೇಲೆ ಸುರಿದಳು. ಮೂರನೆಯ ದಿನ ಎದುರಾಳಿ ತಂಡದ ದೂರು ಹಿಡಿದುಕೊಂಡು ಲೀಗಿನ ಪತ್ರ ಬಂತು. ಚೀಟಿಯಲ್ಲಿದ್ದ ಹಳದಿ ಕೊತ್ತಗೆರೆಯ ಗಂಗಾಧರನದು, ಅವನಿಗೆ ಅದು ಮೂರನೆಯದು. ಆ ಮ್ಯಾಚು ಸೋತಂತೆ. ಗುಬ್ಬಿ ಬಿ ಡಿವಿಷನ್ನಿಗೆ.

ಅವತ್ತಿನಿಂದ ಊರು ಅವನ ಬೆನ್ನು ಹತ್ತಿತು. "ಮೂರ್ ಕಾರ್ಡ್ ಎಣಿಸೋಕ್ ಬರಲ್ವೇನ್ಲಾ?" ಎಂದು ಹೋಟೆಲ್ ನಾಗೇಶ ಎಲ್ಲರೆದುರು ಕೇಳಿದ. ಯಾವ ಬೀದಿಯಲ್ಲಿ ದೀಪ ಹೋದರೂ, "ಟೀಮೂ ಇಳಿಸ್ದ, ಕರೆಂಟೂ ಇಳಿಸ್ದ," ಎಂದು ಕತ್ತಲೆಯಿಂದ ಒಂದು ದನಿ ಬರುತ್ತಿತ್ತು. ಕಂಬ ಹತ್ತಿದವನು ಕೇಳಿಸದವನಂತೆ ಕೆಲಸ ಮುಗಿಸಿ ಇಳಿಯುತ್ತಿದ್ದ.

"ಆದ್ದರಿಂದ ನನ್ನನ್ನು ಕ್ಲಬ್ಬಿನಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ," ಎಂದು ಗಂಗಾಧರ ಮುಗಿಸಿದ. "ಅಷ್ಟೇ."

"ಕಮಿಟಿಯವ್ರು ನನ್ನ ಯಾಕೆ ಏನೂ ಕೇಳ್ಲಿಲ್ಲ?" ಸುಧಾ ಪರದೆಯನ್ನೇ ನೋಡುತ್ತಾ ಕೇಳಿದಳು. "ರಿಜಿಸ್ಟರ್ ನಂದಲ್ವಾ?"

ಅವನು ಕತ್ತು ತುರಿಸಿಕೊಂಡ. "ನಾನೇ ನಿಮ್ಗೆ ತಪ್ಪಾಗಿ ಹೇಳ್ದೆ ಅಂತ ಅವ್ರಿಗೆ ಹೇಳ್ಬಿಟ್ಟೆ."

"ನೀವು ಹೇಳ್ಲಿಲ್ಲ. ಮ್ಯಾಚಿನ್ ದಿನ ಬೆಳಿಗ್ಗೆ ಕೇಳಿದ್ರಿ. ನನ್ಗೆ ಮೂರಾಗಿದೆ ಅನ್ಸುತ್ತಲ್ಲ ಅಂತ."

"ಹೌದು. ನೀವು ಎರಡೇ ಅಂದ್ರಿ. ನಿಮ್ ಬುಕ್ಕಲ್ಲಿದ್ರೆ ಮುಗೀತು ಅಂದೆ ನಾನು." ಮೊದಲ ಸಲ ಅವಳತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅದೇ ಅವಳನ್ನು ಸುಟ್ಟಿತು. "ಕೈ ತಪ್ಪೋದು ಯಾರಿಗೂ ಆಗುತ್ತೆ. ಊರೋರ್ ಬಾಯಿಗೆ ನಿಮ್ಮನ್ನ್ಯಾಕೆ ಕೊಡ್ಬೇಕು? ನಂಗೆ ಅಭ್ಯಾಸ ಆಗೋಗಿದೆ. ಪ್ರಿಂಟ್ ಕೊಡಿ."

ಕೈ ತಪ್ಪಿತ್ತೇ? ಸುಧಾ ಮೂರು ವಾರದಿಂದ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಬರೆಯುವಾಗ ತಪ್ಪಿದ್ದಿರಬಹುದು. ಆದರೆ ಕೊನೆಯ ಮ್ಯಾಚಿನ ಹಿಂದಿನ ಸಂಜೆ ರಿಜಿಸ್ಟರ್ ತೆರೆದಾಗ ಅವಳಿಗೆ ಅನುಮಾನ ಬಂದಿತ್ತು. ರೆಫರಿಯ ಎದುರು ತಲೆ ತಗ್ಗಿಸಿ ನಿಂತಿದ್ದವನು ಕೊತ್ತಗೆರೆಯವನೇ ಎಂಬ ನೆನಪು ಕಣ್ಣಿಗೆ ಕಟ್ಟಿತ್ತು. ರೆಫರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಫೋನ್ ಕೈಗೆತ್ತಿಕೊಂಡಿದ್ದಳು ಕೂಡ. ಆಮೇಲೆ ಮೆಲ್ಲಗೆ ಟೇಬಲ್ಲಿನ ಮೇಲಿಟ್ಟಿದ್ದಳು.

ಪತ್ರದ ಕೊನೆಯಲ್ಲಿ 'ಇಂತಿ ತಮ್ಮ ವಿಶ್ವಾಸಿ' ಎಂದು ಟೈಪ್ ಮಾಡಿದಳು. 'ಇಳಿದಿರುವುದರಿಂದ' ಎಂಬುದನ್ನು 'ಇಳಿದಿದೆ' ಎಂದು ತಿದ್ದಿ, ಬಿಡುಗಡೆಯ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ ಎರಡು ಸಾಲು ಬರೆದು, ಕೆಳಗೆ ಹೆಸರು ಹಾಕಿ, ಪ್ರಿಂಟ್ ಒತ್ತಿದಳು. ಬಿಸಿ ಕಾಗದವನ್ನು ಅವನ ಕೈಗಿತ್ತಳು.

ಅವನು ಓದಿದ. ಹುಬ್ಬು ಗಂಟಾಯಿತು.

"ಹೆಸರು ತಪ್ಪಾಗಿದೆ. ಸುಧಾ ಅಂತ ಇದೆ."

"ಸರಿಯಾಗೇ ಇದೆ. ಮೇಲಿನ ಎರಡು ಸಾಲೂ ಓದಿ."

'ಮೂರನೇ ಕಾರ್ಡಿನ ಬಗ್ಗೆ ನನಗೆ ಅನುಮಾನವಿತ್ತು. ವಿಚಾರಿಸದೆ ಬೇಕೆಂದೇ ಸುಮ್ಮನಿದ್ದೆ.'

ಅವನು ಆ ಎರಡು ಸಾಲನ್ನು ಇನ್ನೊಮ್ಮೆ ಓದಿದ.

"ಬೇಕಂತಾನಾ?" ಎಂದ ಅವನು, ನಿಧಾನವಾಗಿ. "ಯಾಕೆ? ಟೀಮ್ ಗೆಲ್ಲಲಿ ಅಂತಾನಾ?"

ಹೂಂ ಅಂದುಬಿಡಬಹುದಿತ್ತು. ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಸುಧಾ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದಳು.

"ಇಲ್ಲ. ಅದು ಕೊನೇ ಮ್ಯಾಚು. ಆಮೇಲೆ ಐದ್ ತಿಂಗಳು ನೀವು ಆಡೋದ್ ನೋಡೋಕೆ ಸಿಕ್ತಿರ್ಲಿಲ್ಲ. ಒಂದ್ ಸಲ ನೋಡ್ಬೇಕು ಅನ್ನಿಸ್ತು. ಅಷ್ಟೇ."

ಗಂಗಾಧರನ ಕಿವಿ ಕೆಂಪಾದವು. ಏನೋ ಹೇಳಲು ಬಾಯಿ ತೆರೆದ. ಹೊರಬಂದದ್ದು ಬೇರೆಯೇ.

"ಅಪ್ಪ ಮೂರ್ ವಾರದಿಂದ ಊರಲ್ಲಿ ಅರಳಿಕಟ್ಟೆ ಹತ್ರ ಹೋಗಿಲ್ಲ ಕಣ್ರೀ. ನಿನ್ ಮಗ ಎಣಿಸೋಕ್ ಬರ್ದೋನು ಅಂತಾರೆ ಅಂತ. ಮೂರ್ ವಾರ! ನೀವಿಲ್ಲಿ ಸುಮ್ನೆ ಕೂತಿದ್ರಿ."

ಕಾಗದವನ್ನು ಟೇಬಲ್ಲಿನ ಮೇಲಿಟ್ಟು ಹೊರಟುಹೋದ. ಬೈಕ್ ಸ್ಟಾರ್ಟ್ ಆಗಲು ನಾಲ್ಕು ಸಲ ಒದೆಯಬೇಕಾಯಿತು. ಆ ನಾಲ್ಕೂ ಸಲ ಸುಧಾ ಉಸಿರು ಹಿಡಿದುಕೊಂಡಿದ್ದಳು.

ಮರುದಿನ ಭಾನುವಾರ ಶಾಲೆಯ ಜಗಲಿಯಲ್ಲಿ ಮೀಟಿಂಗು. ಗಂಗಾಧರ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದ. ಸುಧಾ ಎದ್ದು ಪತ್ರ ಓದಿದಳು. ಐದೇ ಸಾಲು. ಓದಿ ಮುಗಿಸಿದ ಮೇಲೆ ಕಾಗದವನ್ನು ಎಷ್ಟು ಮಡಿಕೆ ಮಡಿಸಿದಳೆಂದರೆ ಅದು ಬೆರಳಿನ ಉಗುರಿನಷ್ಟಾಯಿತು.

"ಅಲ್ಲಮ್ಮ, ಡೌಟ್ ಬಂದ್ಮೇಲೂ ಯಾಕ್ ಸುಮ್ನಿದ್ದೆ?" ಎಂದ ನಾಗೇಶ. "ಇಪ್ಪತ್ ವರ್ಷದ್ ಕೆಲ್ಸ ಕಣಮ್ಮ ಇದು!"

ಸುಧಾ ನೆಲ ನೋಡಿದಳು. ಹನುಮಮ್ಮ ಅವಳನ್ನೊಮ್ಮೆ, ಕಂಬಕ್ಕೆ ಒರಗಿದವನನ್ನೊಮ್ಮೆ ನೋಡಿದಳು. "ಅಯ್ಯೋ ಸಿವನೇ," ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು. "ಸಾಕು ಬುಡ್ರಪ್ಪ. ಒಪ್ಕಂಡವ್ಳಲ್ಲ, ಇನ್ನೇನ್ ನೇಣ್ ಹಾಕೀರಾ?"

ಮಹಾಲಿಂಗಯ್ಯ ಮೇಷ್ಟ್ರು ಕೈ ಚಾಚಿದರು. "ರಿಜಿಸ್ಟರ್ ಕೊಡಮ್ಮ."

ಕೊಟ್ಟಳು. ಅವರು ಬೈದಿದ್ದರೆ ಚೆನ್ನಾಗಿತ್ತು. "ಅಕ್ಷರ ಮುತ್ತಿನಂಗಿದೆ," ಎಂದಷ್ಟೇ ಹೇಳಿ ಪುಟ ಮುಚ್ಚಿದರು. ಗಂಗಾಧರನ ಕಡೆ ತಿರುಗಿ, "ನಿನ್ ಮೇಲೆ ತಪ್ಪು ಹೊರಿಸಿದ್ವಲ್ಲೋ," ಎಂದರು. ಅವನು ತಲೆಯಾಡಿಸಿ ಹೊರಗೆ ನಡೆದ. ಸುಧಾಳತ್ತ ತಿರುಗಲಿಲ್ಲ.

ಬಿ ಡಿವಿಷನ್ ಎಂದರೇನೆಂದು ಊರಿಗೆ ನಿಧಾನವಾಗಿ ಅರ್ಥವಾಯಿತು. ಪ್ರತಿ ವರ್ಷ ಜೆರ್ಸಿ ಹೊಲಿಸಿಕೊಡುತ್ತಿದ್ದ ಎಣ್ಣೆ ಮಿಲ್ಲಿನವರು ಈ ಸಲ ಆಗುವುದಿಲ್ಲವೆಂದರು. ಮೂವರು ಆಟಗಾರರು ತುಮಕೂರಿನ ಕ್ಲಬ್ಬುಗಳಿಗೆ ಹೋದರು. ನಾಗೇಶನ ಹೋಟೆಲಿನಲ್ಲಿ ಲೀಗಿನ ಪಾಯಿಂಟು ಬರೆಯುತ್ತಿದ್ದ ಬೋರ್ಡಿನ ಮೇಲೆ 'ಇಂದಿನ ವಿಶೇಷ: ತಟ್ಟೆ ಇಡ್ಲಿ' ಎಂದು ಬಂತು. ಗಂಗಾಧರ ಕ್ಲಬ್ಬು ಬಿಡಲಿಲ್ಲ. ಜೆರಾಕ್ಸ್ ಅಂಗಡಿಗೂ ಬರಲಿಲ್ಲ.

ಐದು ತಿಂಗಳ ಮೇಲೆ ಹೊಸ ಸೀಸನ್ನಿನ ಮೊದಲ ಮ್ಯಾಚು ಕುಣಿಗಲ್ಲಿನಲ್ಲಿ ಬಿತ್ತು. ಬುಧವಾರ, ಮಟಮಟ ಮಧ್ಯಾಹ್ನ. ಸುಧಾ ಅಂಗಡಿಗೆ ರಜೆ ಹೇಳಿ ಎರಡು ಬಸ್ಸು ಬದಲಾಯಿಸಿ ಹೋದಳು. ಹೋಗಬಾರದು ಎಂದು ಮೂರು ಸಲ ಅಂದುಕೊಂಡು, ಮೂರು ಸಲವೂ ಮುಂದಿನ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತಳು.

ಮೈದಾನದಲ್ಲಿ ಗೋಲಿಗೆ ಬಲೆಯಿರಲಿಲ್ಲ. ಒಂದು ಎಮ್ಮೆ ಕಾರ್ನರಿನ ಬಳಿ ಮೇಯುತ್ತಿತ್ತು. ಗುಬ್ಬಿಯಿಂದ ಆಟ ನೋಡಲು ಬಂದವರು ಆರು ಜನ. ಹಳೆಯ ಜೆರ್ಸಿಗಳು ಒಗೆದು ಒಗೆದು ಬಣ್ಣ ಕಳೆದುಕೊಂಡಿದ್ದವು. "ಒದೀಲಾ ಮಗ, ಒದೀಲಾ!" ಎಂದು ಹನುಮಮ್ಮ ಒಬ್ಬಳೇ ನಲವತ್ತು ಜನದ ಕೂಗು ಕೂಗುತ್ತಿದ್ದಳು. ಸುಧಾ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಳು. ಆ ಬಣ್ಣಗೆಟ್ಟ ಜೆರ್ಸಿ ನೋಡುವಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ಇದೆಲ್ಲ ತನ್ನ ಒಂದು ಸಂಜೆಯ ಆಸೆಯಿಂದ ಆದದ್ದು.

ಗುಬ್ಬಿ ಎರಡು ಗೋಲಿನಿಂದ ಸೋತಿತು.

ಆಟ ಮುಗಿದ ಮೇಲೆ ಗಂಗಾಧರ ನೇರವಾಗಿ ಮರದ ಕಡೆಗೇ ನಡೆದು ಬಂದ. ಅವಳಿಗೆ ಓಡಿಹೋಗಲು ಜಾಗವಿರಲಿಲ್ಲ.

"ಸೆಕೆಂಡ್ ಹಾಫಲ್ಲೇ ನೋಡ್ದೆ," ಎಂದ, ಬಾಟಲಿ ನೀರನ್ನು ತಲೆಗೆ ಸುರಿದುಕೊಳ್ಳುತ್ತಾ. "ಮರದ್ ಹಿಂದೆ ಅವಿತ್ಕೊಂಡ್ರೆ ದುಪಟ್ಟಾನೂ ಅವಿಸ್ಬೇಕು ಕಣ್ರೀ."

ಅವಳು ದುಪಟ್ಟಾದ ತುದಿ ಒಳಗೆಳೆದುಕೊಂಡಳು. "ಇನ್ನೂ ಸಿಟ್ಟಿದೆಯಾ?"

"ಮೀಟಿಂಗಲ್ಲಿ ಎದ್ ನಿಂತ್ರಲ್ಲ, ಅವತ್ತೇ ಅರ್ಧ ಹೋಯ್ತು. ಮಾರನೇ ದಿನ ಅಪ್ಪ ಕಟ್ಟೆ ಹತ್ರ ಹೋದ್ರು, ಇನ್ ಅರ್ಧಾನೂ ಹೋಯ್ತು."

"ಮತ್ತೆ ಐದ್ ತಿಂಗಳು ಯಾಕ್ ಬರ್ಲಿಲ್ಲ?"

ಅವನು ಬೂಟಿನ ತುದಿಯಿಂದ ಮಣ್ಣು ಕೆದಕಿದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾಚಿಕೆ. ಊರೆಲ್ಲ ಟೀಮ್ ಹಾಳಾಯ್ತು ಅಂತ ಅಳ್ತಿತ್ತು. ಮೇಷ್ಟ್ರು ಊಟ ಬಿಟ್ರು. ನನ್ಗೆ ಮಾತ್ರ ಒಳಗೊಳಗೇ... ನನ್ನ ನೋಡೋಕೆ ಅಂತ ಒಬ್ಬಳು ಇಷ್ಟೆಲ್ಲ ಮಾಡಿದ್ಲಲ್ಲ ಅಂತ ಖುಷಿ. ಅಂಥಾ ಹೊತ್ತಲ್ಲಿ ಖುಷಿ ಪಡೋನು ಎಂಥಾ ಮನುಷ್ಯ ಹೇಳಿ? ನಿಮ್ ಅಂಗಡಿಗ್ ಬಂದ್ರೆ ಮುಖದಲ್ಲೇ ಗೊತ್ತಾಗ್ಬಿಡ್ತಿತ್ತು."

ಸುಧಾಳ ಕಣ್ಣು ತುಂಬಿತು. ಸಂತೋಷಕ್ಕೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಮೈದಾನದ ಆಚೆ ಮೇಷ್ಟ್ರು ಒಬ್ಬರೇ ಬಗ್ಗಿ ಕಾರ್ನರ್ ಬಾವುಟಗಳನ್ನು ಕೀಳುತ್ತಿದ್ದರು.

"ಅವ್ರ ಮುಂದೆ ಹೆಂಗ್ ಬರ್ಲಿ ನಾನು?" ಎಂದಳು.

"ನನ್ ಜೊತೆ ಬನ್ನಿ. ಇಬ್ರೂ ಒಟ್ಗೇ ತಲೆ ತಗ್ಗಿಸೋಣ."

ಬಾಡಿಗೆ ಟೆಂಪೋದ ಬಾಗಿಲಲ್ಲಿ ಅವಳನ್ನು ನೋಡಿದ ಕೂಡಲೇ ಒಳಗಿನ ಮಾತು ನಿಂತಿತು. ನಾಗೇಶ ಕಿಟಕಿಯಾಚೆ ನೋಡಿದ. ಮೇಷ್ಟ್ರು ಬೇಡವೆನ್ನಲಿಲ್ಲ. ಕೊನೆಗೆ ಹನುಮಮ್ಮ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸರಿದಳು. "ಕೂತ್ಕಳವ್ವ. ಅವ್ನೂ ಇಲ್ಲೇ ಕೂತ್ಕಳ್ಲಿ, ನಂಗೇನ್ ಕಣ್ ಕಾಣ್ಸಕಿಲ್ವಾ?" ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

ಟೆಂಪೋ ಕುಣಿಗಲ್ ಕೆರೆಯ ಏರಿಯ ಪಕ್ಕ ಸಾಗುವಾಗ ನೀರಿನ ಮೇಲಿನ ಗಾಳಿ ಒಳಗೆ ನುಗ್ಗಿತು. ಇಕ್ಕಟ್ಟಿನ ಸೀಟಿನಲ್ಲಿ ಅವನ ತೋಳು ಅವಳ ತೋಳಿಗೆ ತಾಕುತ್ತಿತ್ತು. ಇಬ್ಬರೂ ಸರಿಯಲಿಲ್ಲ.

"ಹೆಂಗಾಡ್ದೆ ಇವತ್ತು?" ಎಂದು ಅವನು ಮೆಲ್ಲಗೆ ಕೇಳಿದ.

ಹೋದ ವರ್ಷವೆಲ್ಲ ಈ ಪ್ರಶ್ನೆಗೆ ಅವಳದು ಒಂದೇ ಉತ್ತರವಾಗಿತ್ತು: ತುಂಬಾ ಚೆನ್ನಾಗಿ ಆಡಿದ್ರಿ. ಈಗಲೂ ಅದು ನಾಲಿಗೆಯ ತುದಿಗೆ ಬಂತು. ಸುಧಾ ಅದನ್ನು ನುಂಗಿಕೊಂಡು ಅವನ ಕಣ್ಣನ್ನೇ ನೋಡಿದಳು.

"ಚೆನ್ನಾಗಿ ಆಡ್ಲಿಲ್ಲ ನೀನು."

ನೀನು ಎಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

"ಗೊತ್ತು ಕಣೇ," ಎಂದ ಗಂಗಾಧರ. ಅವನ ನಗು ತಡೆಯಲಾರದಷ್ಟು ದೊಡ್ಡದಾಗಿ, ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರು ಹಿಂತಿರುಗಿ ನೋಡಿದರು.