ಬಿಸಿಲು ಬೀಳದ ಕುರ್ಚಿ

"ಇದೇನು ಮಿಸ್, ಕ್ಲಾಸೋ ಮದುವೆ ಮನೆಯೋ?"

ಗಸ್ಸಾನ್ ಮೇಷ್ಟ್ರು ನನ್ನ ಜೊತೆ ಆಡಿದ ಮೊದಲ ಮಾತು ಇದು. ಸಲಾಮಿಲ್ಲ, ಪರಿಚಯವಿಲ್ಲ, ಬಾಗಿಲಿಗೆ ಅಡ್ಡ ನಿಂತು ಇಷ್ಟಗಲ ಕಣ್ಣು ಬಿಟ್ಟ.

ಇರ್ಬಿದ್ ಊರಿನ ನಮ್ಮ ಶಾಲೆಗೆ ಕಟ್ಟಡ ಒಂದು, ಪಾಳಿ ಎರಡು. ಬೆಳಿಗ್ಗೆ ಹೆಣ್ಣುಮಕ್ಕಳು, ಅವರಿಗೆ ನಾನು ಟೀಚರ್. ಮಧ್ಯಾಹ್ನ ಅದೇ ಕೋಣೆಯಲ್ಲಿ ಹುಡುಗರು, ಅವರಿಗೆ ಲೆಕ್ಕ ಹೇಳಿಕೊಡೋನು ಇವನು. ಆವತ್ತು ನಾನು ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿದ್ದೆ. ನೆಲಕ್ಕೆ ಅಮ್ಮನ ಹಳೇ ಸ್ಪಂಜಿನ ಹಾಸಿಗೆ, ಬೋರಲು ಹಾಕಿದ ಟೊಮೇಟೊ ಕ್ರೇಟುಗಳ ಮೇಲೆ ದಿಂಬು, ನಿಂತು ಬರೆಯೋರಿಗೆ ಎತ್ತರದ ಹಲಗೆ. ಯಾರು ಎಲ್ಲಿ ಬೇಕಾದರೂ ಕೂರಬಹುದು, ಸರಿಹೋಗದಿದ್ದರೆ ಎದ್ದು ಜಾಗ ಬದಲಾಯಿಸಬಹುದು. ಯಾರ ಅಪ್ಪಣೆಯೂ ಬೇಡ.

"ಮದುವೆ ಮನೆ ಆಗಿದ್ರೆ ನಿಮ್ಮನ್ನ ಕರೀತಿರ್ಲಿಲ್ಲ ಬಿಡಿ," ಅಂದೆ.

"ನನ್ನ ಹುಡುಗರು ಈ ದಿಂಬಲ್ಲಿ ಹೊಡೆದಾಡ್ಕೊಂಡು ಸಾಯ್ತಾರೆ ಮಿಸ್!"

"ದಿಂಬಲ್ಲಿ ಹೊಡೆದ್ರೆ ಯಾರೂ ಸಾಯಲ್ಲ ಮೇಷ್ಟ್ರೇ. ಬೇಕಿದ್ರೆ ಲೆಕ್ಕ ಹಾಕಿ ನೋಡಿ."

ನಗು ತಡೆಯೋಕೆ ಮೀಸೆ ಕಚ್ಚಿಕೊಂಡ. ಕೆನ್ನೆ ಮಾತ್ರ ಮಾತು ಕೇಳಲಿಲ್ಲ, ಗುಳಿ ಬಿತ್ತು.

ಆಮೇಲೆ ಶುರುವಾಯಿತು ನೋಡಿ ಯುದ್ಧ. ಮಧ್ಯಾಹ್ನ ಅವನು ಬೆಂಚು ಸಾಲಾಗಿ ಜೋಡಿಸೋದು, ಬೆಳಿಗ್ಗೆ ನಾನು ಬಂದು ಆ ಸಾಲು ಒಡೆಯೋದು. ಒಂದು ದಿನ ಬಂದು ನೋಡಿದರೆ ಏನೂ ಕದಲಿರಲಿಲ್ಲ. ಮುರಿದಿದ್ದ ಕ್ರೇಟಿಗೆ ತಂತಿ ಬೇರೆ ಸುತ್ತಿಟ್ಟಿದ್ದ.

"ಯಾಕೆ ಮೇಷ್ಟ್ರೇ, ಸೋತ್ರಾ?" ಪಾಳಿ ಬದಲಾಗೋ ಗಲಾಟೆಯಲ್ಲಿ ಕೇಳಿದೆ.

"ಸೋತೆ. ಕೊನೇ ಬೆಂಚಿನವನೊಬ್ಬ ವರ್ಷವೆಲ್ಲಾ ಬಾಯೇ ಬಿಟ್ಟಿರ್ಲಿಲ್ಲ. ನಿನ್ನೆ ನೆಲದ ಮೇಲೆ ಕೂತು ಕೈ ಎತ್ತಿದ."

ಹೇಳುವಾಗ ಅವನ ದನಿ ಒದ್ದೆಯಾಗಿತ್ತು. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತೆ. ಆವತ್ತು ಮಾತ್ರ ಮೆಲ್ಲಗೆ, "ಅವನಿಗೆ ಇನ್ನೊಂದು ದಿಂಬು ತರ್ತೀನಿ," ಅಂದೆ.

ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಒಮ್ಮೆ ಸುಮ್ಮನೆ ಅಂದಿದ್ದೆ. ಅಲ್ಲಿಂದ ಮುಂದೆ ದಿನಾ ನನ್ನ ಕುರ್ಚಿ ಬೀರುವಿನ ಪಕ್ಕದ ನೆರಳಲ್ಲಿರುತ್ತಿತ್ತು.

"ನೀವು ಬರೋದೇ ಮಧ್ಯಾಹ್ನ. ಬೆಳಿಗ್ಗೆ ಎಲ್ಲಿ ನೆರಳು ಅಂತ ನಿಮಗೆ ಹೇಗೆ ಗೊತ್ತು?"

"ಶುಕ್ರವಾರ ಬೆಳಿಗ್ಗೆ ಬಂದು ಬೀಗ ತೆಗೆಸಿ ನೋಡ್ದೆ," ಅಂದ, ನೆಲ ನೋಡುತ್ತಾ.

ಶುಕ್ರವಾರ ರಜೆ. ರಜೆಯ ದಿನ ಎದ್ದು ಬಂದು ಖಾಲಿ ಕ್ಲಾಸಲ್ಲಿ ನನಗೋಸ್ಕರ ನೆರಳು ಹುಡುಕಿದ್ದಾನೆ ಈ ಮನುಷ್ಯ. ಇನ್ನು ನಾನೇನು ಉಳಿಯೋದು? ಮುಳುಗಿದೆ.

ವಸಂತ ಮುಗಿಯುವ ಹೊತ್ತಿಗೆ ಒಂದು ಬುಧವಾರ ಕಾರಿಡಾರಿನಲ್ಲಿ ನಿಲ್ಲಿಸಿದ. "ನಾಳೆ ಸಂಜೆ ಅಮ್ಮ ನಿಮ್ಮ ಮನೆಗೆ ಬರ್ತಾರೆ. ಹೆಣ್ಣು ಕೇಳೋಕೆ."

ಅಬ್ಬಾ, ಅಂತೂ ಬಾಯಿಬಿಟ್ಟ! ನಾನು ಹಿಜಾಬಿನ ಅಂಚು ಸರಿಮಾಡಿಕೊಂಡೆ.

"ನವ್ವಾಫ್ ಅಣ್ಣನಿಗೆ," ಅಂದ.

"ಯಾರಿಗೆ?"

"ಅತ್ತಿಗೆ ತೀರಿಕೊಂಡರಲ್ಲ, ಎರಡು ಮಕ್ಕಳಿದಾವೆ... ಊಟಕ್ಕೆ ಕೂತಾಗೆಲ್ಲ ನಾನು ನಿಮ್ಮ ಮಾತೇ ಆಡ್ತಿದ್ದೆ. ಮಿಸ್ ಹೀಗೆ ಕೂರಿಸಿದ್ರು, ಅಳೋ ಮಗೂನ ಹೀಗೆ ಸಮಾಧಾನ ಮಾಡಿದ್ರು ಅಂತ. ತಾಯಿಲ್ಲದ ಮಕ್ಕಳಿಗೆ ಇವಳೇ ಸರಿ ಅಂತ ಅಮ್ಮ ತೀರ್ಮಾನ ಮಾಡಿಬಿಟ್ರು."

"ನೀವು ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?"

"ಅಮ್ಮ ಹಾಗಂದಾಗ ಅಣ್ಣ ನಕ್ಕ ಮಿಸ್. ಅತ್ತಿಗೆ ಹೋದ ಮೇಲೆ ಅವನು ನಕ್ಕಿದ್ದು ಆವತ್ತೇ."

ಮಕ್ಕಳು ನಮ್ಮಿಬ್ಬರ ನಡುವೆ ನುಗ್ಗಿ ಓಡುತ್ತಿದ್ದರು. ನಾನು ನಾಚಿಕೆ ಬಿಟ್ಟು ಕೇಳಿದೆ. "ನಿಮಗೆ ನಾನು ಬೇಕಾ, ಬೇಡ್ವಾ?"

"ಬೇಕು," ಅಂದ. ಕಣ್ಣಲ್ಲಿ ಕಣ್ಣಿಟ್ಟೇ ಅಂದ.

"ಹಾಗಾದ್ರೆ ಅಮ್ಮ ನಮ್ಮ ಮೆಟ್ಟಿಲು ಹತ್ತೋ ಮುಂಚೆ ಹೇಳಿ. ಅವರು ಬಂದು ಕೇಳಿದ ಮೇಲೆ ಮುಗೀತು. ಹೂಂ ಅಂದ್ರೆ ನಿಮ್ಮ ಅತ್ತಿಗೆ. ಉಹೂಂ ಅಂದ್ರೆ ನಿಮ್ಮಣ್ಣನ್ನ ಬೇಡ ಅಂದವಳು. ಆಮೇಲೆ ಯಾವ ಮುಖ ಹೊತ್ತು ನಿಮಗೋಸ್ಕರ ಅದೇ ಮನೆ ಹೊಸಿಲು ತುಳೀಲಿ?"

"ಹೇಳ್ತೀನಿ," ಅಂದ.

ಮಾರನೇ ದಿನ ಸಂಜೆ ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಾರು ಬಂತು. ಅವನ ತಾಯಿ ಇಳಿದು ಮೆಟ್ಟಿಲು ಹತ್ತಿದರು; ದೊಡ್ಡ ಮಗನ ಹೆಸರಿಂದ ಅವರನ್ನ ಎಲ್ಲರೂ ಉಮ್ ನವ್ವಾಫ್, ನವ್ವಾಫ್‌ನ ಅಮ್ಮ, ಅಂತಲೇ ಕರೆಯೋದು. ಅವನು ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಒಮ್ಮೆ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ. ಇಳಿಯೋ ಮಾರಾಯ, ಇಳಿ, ಅಂತ ಮನಸ್ಸಲ್ಲೇ ಕೂಗಿಕೊಂಡೆ. ಕಾಲು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ.

ಉಮ್ ನವ್ವಾಫ್ ಕೆಟ್ಟವರಾಗಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಏಲಕ್ಕಿ ಕಾಫಿ ತೆಗೆದುಕೊಂಡು ಕುಡಿಯದೆ ಮುಂದಿಟ್ಟರು. "ನೀನು ಹೂಂ ಅಂದ ಮೇಲೇ ಇದನ್ನ ಕುಡಿಯೋದು ಮಗಳೇ," ಅಂದರು.

"ನಿಮ್ಮ ಚಿಕ್ಕ ಮಗ ಏನಂತಾರೆ ದೊಡ್ಡಮ್ಮಾ?" ನಾನು ಹಾಗೆ ಕೇಳಿದ್ದಕ್ಕೆ ನನ್ನಮ್ಮ ಕಣ್ಣು ಬಿಟ್ಟಳು.

"ಗಸ್ಸಾನಾ? ಹೊರಡೋ ಮುಂಚೆ ಕೇಳ್ದೆ, ಏನಾದ್ರೂ ಹೇಳೋದಿದ್ಯೇನೋ ಅಂತ. 'ಮಿಸ್ ತುಂಬಾ ಒಳ್ಳೆಯವರು ಅಮ್ಮ' ಅಂದ ಪಾಪ."

ಅಷ್ಟೇ. ಅಷ್ಟೇ ಹೇಳಿದ್ದ.

ಒಂದೇ ಮನೆಯಲ್ಲಿ ಅವನ ಅತ್ತಿಗೆಯಾಗಿ ಅವನ ತಟ್ಟೆಗೆ ಅನ್ನ ಬಡಿಸೋದು ನನ್ನ ಕೈಲಾಗದ ಮಾತು. "ಕ್ಷಮಿಸಿ ದೊಡ್ಡಮ್ಮಾ. ನನ್ನಿಂದ ಆಗಲ್ಲ," ಅಂದೆ.

ಅವರು ಸಿಟ್ಟಾಗಲಿಲ್ಲ. "ಹಣೆಯಲ್ಲಿ ಬರೆದಿರಲಿಲ್ಲ ಬಿಡು," ಅಂತ ನನ್ನ ತಲೆ ನೇವರಿಸಿ ಎದ್ದರು. ತುಂಬಿದ ಲೋಟ ಹಾಗೇ ಇತ್ತು. ಕಾರು ಹೋದ ಮೇಲೆ ಸಿಂಕಿಗೆ ಚೆಲ್ಲಿದೆ.

ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಶಾಲೆ ತೆರೆಯಿತು. ನನ್ನ ಹುಡುಗಿಯರೆಲ್ಲ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬೆಂಚುಗಳು ಸಾಲಾಗಿ ನಿಂತಿದ್ದವು. ಹಾಸಿಗೆ, ದಿಂಬು, ಕ್ರೇಟು ಎಲ್ಲ ಅವನು ರಜೆಯಲ್ಲೇ ಬಂದು ಮೂಲೆಯಲ್ಲಿ ಪೇರಿಸಿಟ್ಟಿದ್ದ.

"ಮಿಸ್, ನಾವೆಲ್ಲಿ ಕೂರೋದು?" ಅವರಲ್ಲೊಬ್ಬಳು, ಲಮೀಸ್, ಕೇಳಿದಳು.

ನನ್ನ ಕುರ್ಚಿಯೊಂದನ್ನು ಮಾತ್ರ ಅವನು ಬೀರುವಿನ ಪಕ್ಕ, ನೆರಳಲ್ಲೇ ಬಿಟ್ಟಿದ್ದ.

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ," ಅಂದೆ. ಆ ಕುರ್ಚಿಯನ್ನು ಎಳೆದು ತಂದು ಕಿಟಕಿಯ ಎದುರು, ಸರಿಯಾಗಿ ಬಿಸಿಲು ಬೀಳುವಲ್ಲಿ ಹಾಕಿ ಕೂತೆ.

"ಅಯ್ಯೋ ಮಿಸ್, ನಿಮ್ಮ ಕಣ್ಣಲ್ಲಿ ನೀರು!"

"ಬಿಸಿಲು ಕಣೇ," ಅಂದೆ. "ಪುಸ್ತಕ ತೆಗಿ."